ಕಾನೂನಿನ ರಕ್ಷಣೆ ಇದ್ದರೂ ಟಿಂಬರ್ ರ‍್ಯಾಟಲ್‌ಸ್ನೇಕ್ ಸಂತತಿ ಏಕೆ ಹೆಚ್ಚುತ್ತಿಲ್ಲ?

ಪ್ರಶ್ನೆ:
ನಮಸ್ಕಾರ. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಟಿಂಬರ್ ರ‍್ಯಾಟಲ್‌ಸ್ನೇಕ್ ಎಂಬ, ಬಾಲದಿಂದ ಗಿಲಕಿಯಂತೆ ಸದ್ದು ಮಾಡುವ ವಿಷದ ಹಾವನ್ನು ಕೊಂದವರಿಗೆ 1971ರವರೆಗೂ ಸರ್ಕಾರವೇ ಬಹುಮಾನ ಕೊಡುತ್ತಿತ್ತೆಂದು ಓದಿದೆ. ಈಗ ಅದೇ ರಾಜ್ಯ ಅದನ್ನು ಅಳಿವಿನಂಚಿನ ಪ್ರಾಣಿಯೆಂದು ರಕ್ಷಿಸುತ್ತಿದೆ. ಒಂದೇ ಸಲಕ್ಕೆ ಹಲವು ಮರಿ ಹಾಕುವ ಹಾವು ಇಷ್ಟು ವರ್ಷಗಳಾದರೂ ಏಕೆ ಚೇತರಿಸಿಕೊಂಡಿಲ್ಲ?

ಉತ್ತರ 1:
ಮರಿಗಳ ಲೆಕ್ಕಕ್ಕಿಂತ ತಾಯಿಯ ಲೆಕ್ಕ ಇಲ್ಲಿ ಮುಖ್ಯ. ಚಳಿ ಹೆಚ್ಚಿರುವ ಉತ್ತರದ ರಾಜ್ಯಗಳಲ್ಲಿ ಹೆಣ್ಣು ಹಾವು ಮೊದಲ ಸಲ ಮರಿ ಹಾಕುವ ಹೊತ್ತಿಗೆ ಅದಕ್ಕೆ ಸಾಮಾನ್ಯವಾಗಿ ಏಳರಿಂದ ಹತ್ತು ವರ್ಷವಾಗಿರುತ್ತದೆ. ಆಮೇಲೂ ಮೂರು ನಾಲ್ಕು ವರ್ಷಕ್ಕೊಮ್ಮೆ ಮಾತ್ರ. ಬಿದ್ದ ಮರದ ದಿಮ್ಮಿಯ ಪಕ್ಕ ಸುರುಳಿ ಸುತ್ತಿ, ದಿಮ್ಮಿಯ ಮೇಲೆ ತಲೆಯಿಟ್ಟು, ಅದರ ಮೇಲೆ ಓಡಾಡುವ ಇಲಿಗಾಗಿ ಗಂಟೆಗಟ್ಟಲೆ ಕಾಯುವ ಈ ಹಾವು ಬೇಸಿಗೆಯ ಕೆಲವೇ ತಿಂಗಳಲ್ಲಿ ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳಬೇಕು. ಗರ್ಭ ಧರಿಸಿದ ಹೆಣ್ಣಾದರೋ ಬಹುಮಟ್ಟಿಗೆ ಬೇಟೆಯನ್ನೇ ಬಿಟ್ಟು ಬಿಸಿಲು ಬೀಳುವ ಬಂಡೆಗಳ ಮೇಲೆ ಕಾಲ ಕಳೆಯುತ್ತದೆ. ಬೇಸಿಗೆಯ ಕೊನೆಗೆ ಮರಿ ಹಾಕಿದಾಗ ತೀರಾ ಬಡಕಲಾಗಿರುತ್ತದೆ. ಹೀಗೆ ಬಯಲಿನಲ್ಲಿ ಕಣ್ಣಿಗೆ ಬೀಳುವುದೂ ಅದೇ ಆದ್ದರಿಂದ, ಕೊಲ್ಲುವವರ ಕೈಗೆ ಮೊದಲು ಸಿಗುತ್ತಿದ್ದುದು ಸಂತತಿಗೆ ಅತ್ಯಗತ್ಯವಾದ ಹಾವೇ.

ಉತ್ತರ 2:
ಮೇಲಿನವರ ಮಾತಿಗೆ ಬಿಲದ ವಿಷಯವನ್ನೂ ಸೇರಿಸಬೇಕು. ದಕ್ಷಿಣಕ್ಕೆ ಮುಖ ಮಾಡಿದ ಕಲ್ಲು ಇಳಿಜಾರಿನಲ್ಲಿ, ಹಿಮದ ಶೀತ ತಟ್ಟದಷ್ಟು ಆಳದ ಬಿರುಕುಗಳಲ್ಲಿ ಅನೇಕ ಹಾವುಗಳು ಒಟ್ಟಾಗಿ ಚಳಿಗಾಲ ಕಳೆಯುತ್ತವೆ ಮತ್ತು ವರ್ಷ ವರ್ಷವೂ ಅದೇ ಬಿಲಕ್ಕೆ ಮರಳುತ್ತವೆ. ಬಹುಮಾನದ ಆಸೆಗೆ ಒಂದು ಬಿಲವನ್ನು ಬರಿದು ಮಾಡಿದರೆಂದರೆ ಸುತ್ತಲಿನ ಕಾಡೆಲ್ಲ ಬರಿದಾದಂತೆಯೇ. ಈಗಿನ ತೊಂದರೆಗಳು ಬೇರೆ: ರಸ್ತೆಗಳು, ಚರ್ಮಕ್ಕೆ ತಗಲುವ ಶಿಲೀಂಧ್ರ ರೋಗ, ಜೊತೆಗೆ ಬಿಸಿಲು ಬಂಡೆಗಳಿಗೆ ನೆರಳು ಕವಿಯುವಂತೆ ಬೆಳೆದ ಮರಗಳು. ಮರ ಕಡಿಯುವುದೂ ಸಂರಕ್ಷಣೆಯ ಕೆಲಸವೆಂದರೆ ಹಲವರು ನಂಬುವುದಿಲ್ಲ, ಆದರೆ ಇಲ್ಲಿ ಅದು ನಿಜ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ಹಾಗಾದರೆ ಮನೆಗಳ ಬಳಿ ಸಿಕ್ಕ ಹಾವುಗಳನ್ನು ಹಿಡಿದು ದೂರದ ಕಾಡಿಗೆ ಬಿಟ್ಟರೆ ಆಗದೇ?

ಉತ್ತರ 2:
ದೂರ ಬಿಟ್ಟ ವಯಸ್ಕ ಹಾವು ಪರಿಚಯವಿಲ್ಲದ ನೆಲದಲ್ಲಿ ಅಲೆದಲೆದು, ಚಳಿಗಾಲದೊಳಗೆ ಬಿಲ ಸಿಗದೆ ಸಾಯುವ ಸಂಭವವೇ ಹೆಚ್ಚು. ಆದ್ದರಿಂದ ತರಬೇತಿ ಪಡೆದವರು ಅದನ್ನು ಅದೇ ಬಿಲದ ವ್ಯಾಪ್ತಿಯೊಳಗೆ, ಹತ್ತಿರದಲ್ಲೇ ಬಿಡುವುದು ಲೇಸು. ಹೊಸ ಜಾಗದಲ್ಲಿ ನೆಲೆಗೊಳಿಸಲು ಜನರ ಒಪ್ಪಿಗೆಯೂ ಬೇಕು: ಮ್ಯಾಸಚೂಸೆಟ್ಸ್‌ನ ಕ್ವಾಬಿನ್ ಜಲಾಶಯದ ದ್ವೀಪವೊಂದರಲ್ಲಿ ಇವನ್ನು ಬಿಡುವ ಯೋಜನೆಯನ್ನು ಸ್ಥಳೀಯರ ವಿರೋಧದಿಂದಾಗಿ 2017ರಲ್ಲಿ ಕೈಬಿಡಲಾಯಿತು.