ಸೂಪರ್ ಎಲಿವೇಶನ್‌ಗೆ ‘ಢಾಳ’ ಎಂದರೆ ಸಾಕೇ? ಜೊತೆಗೆ ‘ಹಳಸು’ ಬಗ್ಗೆ ಒಂದು ಅನುಮಾನ

ಮಿತ್ರರೇ,

ಬೆಳಗಾವಿಯಲ್ಲಿ ರಸ್ತೆ ವಿನ್ಯಾಸ ನನ್ನ ಕೆಲಸ. ಹೊಸದಾಗಿ ಸೇರುವ ಡಿಪ್ಲೊಮಾ ಹುಡುಗರಿಗಾಗಿ ಸಿವಿಲ್ ತ್ರೀಡಿ ತಂತ್ರಾಂಶದ ಬಗ್ಗೆ ಕನ್ನಡದಲ್ಲಿ ನಾಲ್ಕು ಪುಟ ಬರೆಯಲು ಕುಳಿತು, ಎರಡು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ.

ಮೊದಲನೆಯದು ಸೂಪರ್ ಎಲಿವೇಶನ್. ತಿರುವಿನಲ್ಲಿ ವಾಹನ ಹೊರಕ್ಕೆ ಜಾರದಂತೆ ರಸ್ತೆಯನ್ನು ಒಳಮಗ್ಗುಲಿಗೆ ವಾಲಿಸುವುದು. ಗೆಳೆಯರೊಬ್ಬರು ‘ಬಾಹ್ಯೋನ್ನತಿ’ ಎಂದು ಸೂಚಿಸಿದರು. ಗಂಭೀರವಾಗಿದೆ, ಲೆಕ್ಕಕ್ಕೆ ಒಗ್ಗುವುದಿಲ್ಲ. 7 ಮೀಟರ್ ಅಗಲದ ರಸ್ತೆ, 250 ಮೀಟರ್ ತ್ರಿಜ್ಯದ ತಿರುವು, ಗಂಟೆಗೆ 60 ಕಿ.ಮೀ. ವೇಗ ಎಂದುಕೊಳ್ಳಿ. ವೇಗದ ವರ್ಗವನ್ನು ತ್ರಿಜ್ಯದ 225 ಪಟ್ಟಿನಿಂದ ಭಾಗಿಸಿದರೆ ಶೇ 6.4; ಅಂಚಿನಿಂದ ಅಂಚಿಗೆ ಸುಮಾರು 45 ಸೆಂ.ಮೀ. ವ್ಯತ್ಯಾಸ. ನಡುಗೆರೆಯನ್ನು ಕದಲಿಸದೆ ರಸ್ತೆಯನ್ನು ವಾಲಿಸಿದರೆ ಹೊರ ಅಂಚು 22 ಸೆಂ.ಮೀ. ಏರುತ್ತದೆ, ಒಳ ಅಂಚು ಅಷ್ಟೇ ಇಳಿಯುತ್ತದೆ. ಇಳಿದದ್ದನ್ನೂ ಉನ್ನತಿ ಎನ್ನೋಣವೇ? ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ವಿಜಯಪುರದಂಥ ಬಯಲಿಗೆ ಶೇ 7, ಚೋರ್ಲಾ ಘಾಟಿನಂಥ ಹಿಮ ಬೀಳದ ಗುಡ್ಡಗಾಡಿಗೆ ಶೇ 10 ಎಂದು ಮಿತಿ ಹಾಕಿರುವುದೂ ಇಳಿಜಾರಿನ ಪ್ರಮಾಣಕ್ಕೇ, ಎತ್ತರಕ್ಕಲ್ಲ.

ನಮ್ಮ ಗೌಂಡಿಗಳ ಬಾಯಲ್ಲಿ ಇಳಿಜಾರಿಗೆ ‘ಢಾಳ’ ಎಂಬ ಮಾತಿದೆ. ಮೈಸೂರು ಕಡೆಯವರು ‘ವಾಟ’ ಎನ್ನುತ್ತಾರೆ. (ಮರಾಠಿಯ ‘ಉತಾರ’ವೂ ಹೊಂದುತ್ತಿತ್ತು, ಆದರೆ ಇಲ್ಲಿ ಉತಾರ ಎಂದರೆ ರೈತ ಹೊಲದ ಕಾಗದ ತಂದು ಮುಂದಿಡುತ್ತಾನೆ.) ತೊಡಕೆಂದರೆ, ನೇರ ರಸ್ತೆಯಲ್ಲಿ ಮಳೆನೀರು ಎರಡೂ ಬದಿಗೆ ಹರಿಯಲು ಕೊಡುವ ಕ್ಯಾಂಬರ್ ಕೂಡ ಢಾಳವೇ. ಹಾಗಾಗಿ ‘ತಿರುವು-ಢಾಳ’ ಎಂದು ಬರೆದುಕೊಂಡಿದ್ದೇನೆ. ಇದು ತಿರುವಿಗೆ ಮೊದಲೇ ಶುರುವಾಗುತ್ತದೆ ಎಂಬ ಆಕ್ಷೇಪ ನನಗೂ ಗೊತ್ತು.

ಎರಡನೆಯದು ಹೆಚ್ಚು ಕಾಡುತ್ತಿದೆ. ತಂತ್ರಾಂಶದಲ್ಲಿ ಅಲೈನ್‌ಮೆಂಟ್‌ನ (ರಸ್ತೆ ಸಾಗುವ ಗೆರೆಯ) ತಿರುವನ್ನು ಸರಿಸಿದರೆ, ಎಲ್ಲಿ ಎಷ್ಟು ಢಾಳ ಎಂದು ತೋರಿಸುವ ಅದರ ಪಟ್ಟಿ ಅಳಿದುಹೋಗುವುದಿಲ್ಲ. ಹಳೆಯ ಲೆಕ್ಕದಲ್ಲೇ ಉಳಿದು, ಪಕ್ಕದಲ್ಲೊಂದು ಎಚ್ಚರಿಕೆಯ ಗುರುತು ಮೂಡುತ್ತದೆ. ಈ ಸ್ಥಿತಿಗೆ ಏನೆನ್ನಬೇಕು? ‘ಅವಧಿ ಮೀರಿದೆ’ ಎಂದರೆ ಔಷಧದ ಅಂಗಡಿ ನೆನಪಾಗುತ್ತದೆ. ನಾನು ‘ಹಳಸಿದೆ’ ಎಂದು ಬರೆದು ಬೀಗಿದ್ದೆ. ಹುಡುಗನೊಬ್ಬ ಅದನ್ನು ಓದಿ ನೇರವಾಗಿ ಮರುಲೆಕ್ಕದ ಗುಂಡಿ ಒತ್ತಿದ. ಸೇತುವೆಯ ಬಳಿ ಹೊಂದಿಕೆಯಾಗಲೆಂದು ನಾನು ಕೈಯಿಂದ ತಿದ್ದಿದ್ದ ಹನ್ನೊಂದು ಸಾಲುಗಳು ಹೋದವು. ತಪ್ಪು ಅವನದಲ್ಲ. ಹಳಸಿದ ಅನ್ನವನ್ನು ಯಾರಾದರೂ ಎತ್ತಿಡುತ್ತಾರೆಯೇ? ಇಲ್ಲಿ ಮಾಡಬೇಕಾದದ್ದು ಎತ್ತಿಡುವುದೇ: ಮೊದಲು ಪಟ್ಟಿಯನ್ನು ಬೇರೆ ಕಡತಕ್ಕೆ ನಕಲು ಮಾಡಿಕೊಂಡು, ಆಮೇಲೆ ಮರುಲೆಕ್ಕ ಹಾಕಿ, ಕೈತಿದ್ದುಪಡಿಗಳನ್ನು ಒಂದೊಂದಾಗಿ ಮತ್ತೆ ಕೂರಿಸುವುದು.

ಸದ್ಯ ‘ಹಿಂದೆ ಉಳಿದಿದೆ’ ಎಂದು ತಿದ್ದಿದ್ದೇನೆ. ರಸ್ತೆ ಮುಂದೆ ಹೋಯಿತು, ಪಟ್ಟಿ ಹೋಗಲಿಲ್ಲ ಎಂಬ ಅರ್ಥದಲ್ಲಿ. ಎಸೆಯಬೇಡ, ಆದರೆ ಹಾಗೆಯೇ ನಂಬಲೂ ಬೇಡ ಎಂಬುದನ್ನು ಒಂದೇ ಪದದಲ್ಲಿ ಹೇಳುವ ಮಾತು ನಿಮ್ಮ ಕಡೆ ಬಳಕೆಯಲ್ಲಿದ್ದರೆ ತಿಳಿಸಿ.