ಎಸಿ ಕೋಣೆಯ ಬೀಮ್ ಗೋಡೆಯ ಹೊರಗೆ ಬೆವರುತ್ತದೆ, ಏನು ಮಾಡುವುದು?

ಪ್ರಶ್ನೆ: ಮಲ್ಪೆ ಹತ್ತಿರ ಹಳೇ ಕೆಂಪುಕಲ್ಲಿನ ಮನೆ. ನಡುಗೋಡೆ ತೆಗೆದು 200 ಮಿ.ಮೀ. ಉಕ್ಕಿನ ಐ ಬೀಮ್ ಕೊಟ್ಟಿದೆ. ಅದರ ತುದಿ ಹೊರಗೋಡೆ ದಾಟಿ ಸಿಟೌಟಿನ ಮಾಡನ್ನು (ಛಾವಣಿಯನ್ನು) ಹೊತ್ತಿದೆ. ಎಸಿ 22ಕ್ಕೆ ಇಟ್ಟರೆ ಬೀಮ್ ಗೋಡೆಯಿಂದ ಹೊರಬರುವಲ್ಲಿ ನೀರು ಹನಿಯುತ್ತದೆ, ಪೇಂಟ್ ಉಬ್ಬಿದೆ. ಬಿಚ್ಚದೆ ಸರಿಮಾಡಬಹುದೆ? ಇಂಥದ್ದೇ ಇನ್ನೊಂದು ಬೀಮ್ ಹಾಕುವುದೂ ಉಂಟು.

ಸ್ಟ್ರಕ್ಚರಲ್ ಎಂಜಿನಿಯರ್, ಮಂಗಳೂರು: ಅದು ಸೋರಿಕೆ ಅಲ್ಲ ಸರ್. ಉಕ್ಕು ಕಾಂಕ್ರೀಟಿಗಿಂತ 25-30 ಪಟ್ಟು ಬೇಗ ಶಾಖ ದಾಟಿಸುತ್ತದೆ, ಹಾಗಾಗಿ ಒಳಗಿನ ತಂಪು ಬೀಮಿನಲ್ಲೇ ಹೊರಗೆ ಬರುತ್ತದೆ. ಹೊರಗೆ 30 ಡಿಗ್ರಿ, 80 ಶೇಕಡಾ ತೇವಾಂಶ ಇದ್ದರೆ 26ಕ್ಕಿಂತ ತಣ್ಣಗಿರುವ ಯಾವ ಮೈ ಮೇಲೂ ನೀರು ಕೂರುತ್ತದೆ. ತತ್ಕಾಲಕ್ಕೆ ಎಸಿ 26ಕ್ಕೆ ಏರಿಸಿ.

ಎಸಿ ಡಕ್ಟ್ ಇನ್ಸುಲೇಶನ್ ಕೆಲಸದವರು, ಉಡುಪಿ: ಇನ್ಸುಲೇಶನ್ (ಶಾಖ ತಡೆಯುವ ಹೊದಿಕೆ) ಹೊರಗಿನ ತುದಿಗೆ ಮಾತ್ರ ಸುತ್ತಬೇಡಿ, ಆಗ ಹೊದಿಕೆಯೊಳಗಿನ ಉಕ್ಕು ಇನ್ನೂ ತಣ್ಣಗಾಗುತ್ತದೆ. ಸುತ್ತಬೇಕಾದ್ದು ಒಳಗೆ: ಗೋಡೆಯಿಂದ ಒಂದು ಮೀಟರ್ ಉದ್ದ, ಫ್ಲ್ಯಾಂಜ್ (ಮೇಲಿನ, ಕೆಳಗಿನ ಅಡ್ಡಪಟ್ಟಿ), ವೆಬ್ (ನಡುವಿನ ನೆಟ್ಟಗಿನ ಪಟ್ಟಿ) ಎಲ್ಲಾ ಸೇರಿ. 19 ಮಿ.ಮೀ. ನೈಟ್ರೈಲ್ ರಬ್ಬರ್ ಶೀಟ್ ಸಾಕು, ಎಸಿ ಪೈಪಿನ ಕಪ್ಪು ಫೋಮಿನದ್ದೇ ಜಾತಿ. ಜೋಡಣೆಗಳಿಗೆ ಅಂಟು ಹಚ್ಚಿ, ಮೇಲೆ ಟೇಪ್. ಗೋಡೆಯೂ ಬೀಮೂ ಕೂಡುವ ಸಂದನ್ನು ಹೊರಗಿನಿಂದ ಸೀಲಂಟ್‌ನಿಂದ ಮುಚ್ಚಲೇಬೇಕು. ಆವಿ ಬರುವುದು ಆ ಬದಿಯಿಂದ. ಗ್ಲಾಸ್‌ವೂಲ್ ಬೇಡ, ನೀರು ಹಿಡಿದಿಟ್ಟುಕೊಂಡು ಒಳಗೊಳಗೇ ತುಕ್ಕು ಹಿಡಿಸುತ್ತದೆ.

ಪೇಂಟ್ ಕಾಂಟ್ರಾಕ್ಟರ್: ಸುತ್ತುವ ಮೊದಲು ಉಬ್ಬಿದ್ದೆಲ್ಲ ಗ್ರೈಂಡರ್ ವಯರ್ ಬ್ರಷ್‌ನಿಂದ ತೆಗೆಯಿರಿ, ಮೇಲೆ ಕೂತ ಉಪ್ಪನ್ನು ಸಿಹಿನೀರಿನಲ್ಲಿ ತೊಳೆದು ತೆಗೆಯಿರಿ, ಪೂರ್ತಿ ಒಣಗಲಿ. ರೆಡ್ ಆಕ್ಸೈಡ್ ಕಡಲಗಾಳಿಗೆ ತಡೆಯುವುದಿಲ್ಲ. ಎಪಾಕ್ಸಿ ಜಿಂಕ್ ಫಾಸ್ಫೇಟ್ ಪ್ರೈಮರ್ ಎರಡು ಕೋಟ್, ಮೇಲೆ ಎಪಾಕ್ಸಿ; ಬಿಸಿಲು ಬೀಳುವಲ್ಲಿ ಕೊನೆಗೆ ಪಿಯು (ಪಾಲಿಯುರೆಥೇನ್) ಕೋಟ್. ಆಟಿ ತಿಂಗಳ ಮಳೆಯಲ್ಲಂತೂ ಮಾಡಿಸಬೇಡಿ ಮಾರಾಯ್ರೆ. ಉಕ್ಕಿನ ಮೈ, ಬೆವರು ಕೂರುವ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು, ಇಲ್ಲದಿದ್ದರೆ ಪೇಂಟ್ ಹಿಡಿಯುವುದಿಲ್ಲ. ವೆಲ್ಡಿಂಗ್ ಬಾಕಿ ಇದ್ದರೆ ಮೊದಲು ಅದು. ರಬ್ಬರ್ ಹತ್ತಿರ ಕಿಡಿ ಹಾರಬಾರದು.

ಪ್ರಶ್ನೆ ಕೇಳಿದವರು: ಹೊಸ ಬೀಮನ್ನು ಎರಡು ತುಂಡು ಮಾಡಿ, ಶಾಖ ದಾಟದಂತೆ ನಡುವೆ ರಬ್ಬರ್ ಅಥವಾ ಪ್ಲೈವುಡ್ ತುಂಡು ಇಟ್ಟು ಬೋಲ್ಟ್ ಹಾಕಿದರೆ?

ಸ್ಟ್ರಕ್ಚರಲ್ ಎಂಜಿನಿಯರ್: ಖಂಡಿತಾ ಬೇಡ. ಭಾರಕ್ಕೆ ಎರಡೂ ಅಮುಕುತ್ತವೆ, ಬೋಲ್ಟ್ ಸಡಿಲವಾಗಿ ಮಾಡು ಕುಸಿಯಬಹುದು. ಒತ್ತಡ ತಡೆಯುವ ಫೈಬರ್ ಲ್ಯಾಮಿನೇಟ್ ಪ್ಯಾಡುಗಳು ಬರುತ್ತವೆ, ಅದಕ್ಕೆ ಲೆಕ್ಕ ಹಾಕಿಸಲೇಬೇಕು. ಸ್ಟೈನ್‌ಲೆಸ್ ಬೋಲ್ಟ್ ಮಾಮೂಲಿ ಉಕ್ಕಿನ ಮೂರನೇ ಒಂದು ಪಾಲಿನಷ್ಟೇ ಶಾಖ ದಾಟಿಸುತ್ತದೆ, ಆದರೆ ಇನ್ಸುಲೇಟಿಂಗ್ ವಾಷರ್, ಸ್ಲೀವ್ (ಬೋಲ್ಟಿಗೆ ತೊಡಿಸುವ ಕೊಳವೆ) ಹಾಕದಿದ್ದರೆ ಪಕ್ಕದ ಉಕ್ಕಿಗೆ ತುಕ್ಕು. ನನ್ನ ಕೇಳಿದರೆ ಹೊರಗೆ ಚಾಚಲೇಬೇಡಿ: ಬೀಮನ್ನು ಗೋಡೆಯೊಳಗೆ ಕಾಂಕ್ರೀಟ್ ಬೆಡ್ ಬ್ಲಾಕ್ (ಭಾರ ಹರಡುವ ಗಟ್ಟಿ) ಮೇಲೆ 150 ಮಿ.ಮೀ. ಕೂರಿಸಿ ಅಲ್ಲಿಗೇ ಮುಗಿಸಿ, ಸಿಟೌಟಿಗೆ ಬೇರೆಯೇ ಕಂಬ ಕೊಡಿ. ಕೆಂಪುಕಲ್ಲಿನ ಮೇಲೆ ನೇರ ಕೂರಿಸಿದರೆ ಕಲ್ಲು ಪುಡಿಯಾಗಬಹುದು.

ಇನ್ಸುಲೇಶನ್ ಕೆಲಸದವರು: ಫಾಲ್ಸ್ ಸೀಲಿಂಗ್ ಮಾಡಿದರೆ ಆ ಒಂದು ಮೀಟರ್ ಜಾಗಕ್ಕೆ ತೆಗೆಯುವ ಮುಚ್ಚಳ ಇಡಿ. ಮೊದಲ ಮಳೆಗಾಲದಲ್ಲಿ ಟೇಪಿನ ಅಂಚು ಎದ್ದಿದೆಯಾ ಅಂತ ಕೈಯಾಡಿಸಿ ನೋಡಿ.