ಎಎಂ ರೇಡಿಯೊ ನಿಲಯದ ಮುಂಜಾನೆಯ ಶಕ್ತಿ ಬದಲಾವಣೆ ಒಂದೇ ದಿನದಲ್ಲಿ ಮುಕ್ಕಾಲು ಗಂಟೆ ಸರಿದದ್ದೇಕೆ?

ಪ್ರಶ್ನೆ:
ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿರುವ ನಾನು ಊರಿನ ಒಂದು ಎಎಂ ನಿಲಯದ ಸಿಗ್ನಲ್ ಮಟ್ಟವನ್ನು ಜನವರಿಯಿಂದ ಪ್ರತಿದಿನ ನಸುಕಿನಲ್ಲಿ ಎಸ್‌ಡಿಆರ್ (ಕಂಪ್ಯೂಟರ್ ತಂತ್ರಾಂಶದಿಂದ ನಡೆಯುವ ರೇಡಿಯೊ) ರಿಸೀವರ್ ಮೂಲಕ ದಾಖಲಿಸುತ್ತಿದ್ದೇನೆ. ನಿಲಯವು ಸೂರ್ಯೋದಯದ ಹೊತ್ತಿಗೆ ರಾತ್ರಿಯ ಕಡಿಮೆ ಶಕ್ತಿಯಿಂದ ಹಗಲಿನ ಶಕ್ತಿಗೆ ಬದಲಾಗುವಾಗ ಮಟ್ಟ ಸುಮಾರು 10 ಡೆಸಿಬೆಲ್ ಏರುತ್ತದೆ. ಫೆಬ್ರವರಿ ಪೂರ್ತಿ ಈ ಏರಿಕೆ 7:00ಕ್ಕೆ ಕಾಣುತ್ತಿತ್ತು. ಮಾರ್ಚ್ 1ರಂದು 6:15ಕ್ಕೇ ಬಂದಿತು. ಸೂರ್ಯೋದಯ ದಿನಕ್ಕೆ ಒಂದೂವರೆ ನಿಮಿಷದಷ್ಟೇ ಸರಿಯುವಾಗ ಇದು ಹೇಗೆ ಸಾಧ್ಯ? ಗಡಿಯಾರವನ್ನು ಎರಡು ಬಾರಿ ಪರಿಶೀಲಿಸಿದ್ದೇನೆ.

ಉತ್ತರ 1:
ನಿಮ್ಮ ಗಡಿಯಾರ ಸರಿಯಾಗಿದೆ. ನಿಲಯಗಳು ಆಯಾ ದಿನದ ಸೂರ್ಯನನ್ನು ಅನುಸರಿಸುವುದಿಲ್ಲ. ಅಮೆರಿಕದ ಪ್ರಸಾರ ನಿಯಂತ್ರಣ ಸಂಸ್ಥೆಯಾದ ಎಫ್‌ಸಿಸಿಯು ತಿಂಗಳಿಗೊಂದು ಸರಾಸರಿ ಸೂರ್ಯೋದಯವನ್ನು ಹತ್ತಿರದ ಕಾಲು ಗಂಟೆಗೆ ಹೊಂದಿಸಿ ಪರವಾನಗಿಯಲ್ಲಿಯೇ ನಮೂದಿಸುತ್ತದೆ. ಆದ್ದರಿಂದ ತಿಂಗಳು ಬದಲಾದ ದಿನವೇ ಸಮಯವೂ ಬದಲಾಗುತ್ತದೆ. ಈ ಸಮಯಗಳು ಸ್ಟ್ಯಾಂಡರ್ಡ್ ಟೈಮ್‌ನಲ್ಲಿ (ಚಳಿಗಾಲದ ಗಡಿಯಾರದ ಸಮಯದಲ್ಲಿ) ಇರುವುದರಿಂದ, ಮಾರ್ಚ್ ಎರಡನೆಯ ಭಾನುವಾರ ಬೇಸಿಗೆ ಸಮಯಕ್ಕಾಗಿ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟ ಮೇಲೆ ಅದೇ ಏರಿಕೆ ನಿಮಗೆ 7:15ಕ್ಕೆ ಕಾಣುತ್ತದೆ. ದಾಖಲೆಯನ್ನು ಯುಟಿಸಿಯಲ್ಲಿ (ಋತುವಿಗೆ ಬದಲಾಗದ ಜಾಗತಿಕ ಸಮಯದಲ್ಲಿ) ಇಟ್ಟುಕೊಂಡರೆ ಈ ಗೊಂದಲವಿರದು. ಕೆಲವು ನಿಲಯಗಳಿಗೆ ಬೆಳಿಗ್ಗೆ 6 ಗಂಟೆಯಿಂದ ಸೂರ್ಯೋದಯದವರೆಗೆ ಗರಿಷ್ಠ 500 ವ್ಯಾಟ್‌ನಲ್ಲಿ ಪ್ರಸಾರ ಮಾಡಲು ಪ್ರತ್ಯೇಕ ಅನುಮತಿ ಇರುತ್ತದೆ; ಅಂಥ ಕಡೆ ಏರಿಕೆ ಎರಡು ಮೆಟ್ಟಿಲುಗಳಲ್ಲಿ ಕಾಣಬಹುದು.

ಉತ್ತರ 2:
ಮೇಲಿನ ವಿವರಣೆಯನ್ನು ಒಪ್ಪುತ್ತೇನೆ, ಆದರೆ 10 ಡೆಸಿಬೆಲ್ ಎಂದರೆ ಶಕ್ತಿ ಹತ್ತುಪಟ್ಟಾಯಿತು ಎಂದು ತೀರ್ಮಾನಿಸಬೇಡಿ. ಹಲವು ನಿಲಯಗಳು ಶಕ್ತಿಯೊಡನೆ ಆಂಟೆನಾದ ದಿಕ್ಕಿನ ವಿನ್ಯಾಸವನ್ನೂ ಬದಲಿಸುವುದರಿಂದ, ನಿಮ್ಮ ಮನೆಯ ದಿಕ್ಕಿಗೆ ಬರುವ ಪಾಲು ಬೇರೆಯೇ ಆಗಿರುತ್ತದೆ. ಇನ್ನೊಂದು ಮುಖ್ಯ ವಿಷಯವೆಂದರೆ, ಬಿಸಿಲು ಬಿದ್ದಂತೆ ಅಯಾನುಗೋಳದ (ವಾತಾವರಣದ ಮೇಲಿನ ವಿದ್ಯುದಾವೇಶಿತ ಭಾಗದ) ಕೆಳಭಾಗದಲ್ಲಿ, ಸುಮಾರು 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ, ಡಿ ಪದರ ಬಲಗೊಂಡು, ರಾತ್ರಿಯಿಡೀ ಆಕಾಶದಿಂದ ಪ್ರತಿಫಲಿಸಿ ಬರುತ್ತಿದ್ದ ದೂರದ ನಿಲಯಗಳ ಅಲೆಗಳನ್ನು ಹೀರತೊಡಗುತ್ತದೆ. ಅದು ನಿಧಾನವಾದ ಇಳಿಕೆ. ನಿಲಯದ ಬದಲಾವಣೆ ಒಂದೇ ಕ್ಷಣದ್ದು. ರಿಸೀವರ್‌ನ ಎಜಿಸಿಯನ್ನು (ಸಿಗ್ನಲ್ ಮಟ್ಟವನ್ನು ತಾನಾಗಿ ಸಮಗೊಳಿಸುವ ವ್ಯವಸ್ಥೆಯನ್ನು) ತಪ್ಪದೆ ಆಫ್ ಮಾಡಿ, ಇಲ್ಲವಾದರೆ ಎರಡೂ ಮಸುಕಾಗುತ್ತವೆ. ನಿಲಯದ ವಾಹಕ ಅಲೆಗೆ (ಧ್ವನಿಯನ್ನು ಹೊತ್ತು ತರುವ ಮೂಲ ಅಲೆಗೆ) ನಿಗದಿತ ಆವರ್ತನದಿಂದ 20 ಹರ್ಟ್ಸ್‌ವರೆಗೆ ಆಚೀಚೆ ಇರಲು ಅವಕಾಶವಿರುವುದರಿಂದ, ವಾಟರ್‌ಫಾಲ್ ಚಿತ್ರವನ್ನು (ಪ್ರತಿ ಆವರ್ತನದ ಸಿಗ್ನಲ್ ಕಾಲಕ್ರಮದಲ್ಲಿ ಗೆರೆಯಾಗಿ ಮೂಡುವ ಚಿತ್ರವನ್ನು) ಹರ್ಟ್ಸ್‌ಗಿಂತ ಸೂಕ್ಷ್ಮವಾಗಿ ಹಿಗ್ಗಿಸಿದರೆ ಒಂದೇ ಚಾನೆಲ್‌ನ ನಿಲಯಗಳು ಸಾಮಾನ್ಯವಾಗಿ ಬೇರೆಬೇರೆ ಗೆರೆಗಳಾಗಿ ಕಾಣುತ್ತವೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಎಜಿಸಿ ಆಫ್ ಮಾಡಿ ಇಂದು ಮತ್ತೆ ದಾಖಲಿಸಿದೆ: 7 ಹರ್ಟ್ಸ್ ಅಂತರದ ಎರಡು ಗೆರೆಗಳಲ್ಲಿ ತೆಳುವಾದದ್ದು ಸುಮಾರು ಅರ್ಧ ಗಂಟೆಯಲ್ಲಿ ಕರಗಿಹೋಯಿತು, ಊರಿನ ನಿಲಯದ ಗೆರೆ ಮಾತ್ರ 6:15ರವರೆಗೆ ಅಲುಗಾಡದೆ ಇದ್ದು ಒಮ್ಮೆಲೇ ದಪ್ಪವಾಯಿತು.